ಹೆರಿಗೆ ಆಸ್ಪತ್ರೆಗೆ ಬಂತು, ಬಾಣಂತಿಯ ಆರೈಕೆ ಎಲ್ಲಿ ಉಳಿಯಿತು?

ಕರ್ನಾಟಕದಲ್ಲಿ ಈಗ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ಇದು. ಮನೆಯ ಮೂಲೆಕೋಣೆಯಿಂದ ಹೆರಿಗೆ ಕೊಠಡಿಯವರೆಗಿನ ಈ ದಾರಿ ಸುಲಭದ್ದಾಗಿರಲಿಲ್ಲ. 2005ರ ಜನನಿ ಸುರಕ್ಷಾ ಯೋಜನೆ, 108 ಆಂಬುಲೆನ್ಸ್, ಬಿಸಿಲು ಮಳೆ ನೋಡದೆ ಓಡಾಡಿದ ಆಶಾ ಕಾರ್ಯಕರ್ತೆಯರು, ಎಲ್ಲರೂ ಸೇರಿ ಸವೆಸಿದ ದಾರಿ ಅದು. ಹಾಗಿದ್ದೂ 2018–20ರ ಮಾದರಿ ನೋಂದಣಿ ವರದಿಯ ಪ್ರಕಾರ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ತೀರಿಕೊಂಡಿದ್ದರು. ಅದೇ ವರದಿಯಲ್ಲಿ ಕೇರಳದ್ದು 19, ತೆಲಂಗಾಣದ್ದು 43, ಆಂಧ್ರದ್ದು 45, ತಮಿಳುನಾಡಿನದು 54. ದಕ್ಷಿಣದ ಐದು ರಾಜ್ಯಗಳಲ್ಲಿ ಹೆಚ್ಚು ನಮ್ಮದೇ.

2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಈ ಸಂಗತಿ ಸುದ್ದಿಯಾಯಿತು. ಆಮೇಲೆ ರಾಜ್ಯ ಸರ್ಕಾರ ತಾಯಂದಿರ ಸಾವುಗಳ ಆಡಿಟ್ ಮಾಡಿಸಿತು. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ಸಾವುಗಳಲ್ಲಿ ಶೇ 70ಕ್ಕೂ ಹೆಚ್ಚನ್ನು ತಪ್ಪಿಸಬಹುದಿತ್ತು ಎಂದು ಹೊರಬಂತು. ಚರ್ಚೆಯೆಲ್ಲ ನಡೆದದ್ದು ಬಳ್ಳಾರಿಯ ಆ ಬಾಣಂತಿಯರ ರಕ್ತನಾಳಕ್ಕೆ ಹನಿಸಿದ ಐವಿ ದ್ರಾವಣದ (ಡ್ರಿಪ್) ಗುಣಮಟ್ಟದ ಸುತ್ತ. ಅದು ನಡೆಯಲೇಬೇಕಿದ್ದ ಚರ್ಚೆ. ಆದರೆ ಅದರ ಗದ್ದಲದಲ್ಲಿ ಇನ್ನೊಂದು ಪ್ರಶ್ನೆ ಮರೆಗೆ ಸರಿಯಿತು: ಮಗು ಹುಟ್ಟಿದ ಮೇಲೆ ತಾಯಿ ಮಗುವನ್ನು ಯಾರು ನೋಡುತ್ತಾರೆ, ಎಷ್ಟು ಹೊತ್ತಿಗೊಮ್ಮೆ ನೋಡುತ್ತಾರೆ, ನೋಡಿ ಏನು ಬರೆದಿಡುತ್ತಾರೆ?

ಹೆರಿಗೆ ನೋವು ಶುರುವಾದ ಕ್ಷಣದಿಂದ ಮಗು ಅಳುವವರೆಗೆ ಎಲ್ಲರ ಕಣ್ಣೂ ಆ ಟೇಬಲ್ ಮೇಲಿರುತ್ತದೆ. ಮಗು ಅತ್ತಿತು, ಮಾಸು ಬಿತ್ತು, ಹೊಲಿಗೆ ಮುಗಿಯಿತು ಅನ್ನುವಷ್ಟರಲ್ಲಿ ಮುಂದಿನ ಗರ್ಭಿಣಿ ಬಾಗಿಲಲ್ಲಿರುತ್ತಾಳೆ. ಕಣ್ಗಾವಲು ಸಡಿಲವಾಗುವುದು ಅಲ್ಲಿಂದಲೇ. ಆದರೆ ಹೆರಿಗೆಯಿಂದಾಗುವ ತಾಯಂದಿರ ಸಾವುಗಳಲ್ಲಿ ಬಹುಪಾಲು ಆಗುವುದು ಆ ಕ್ಷಣದ ನಂತರ. ನವಜಾತ ಶಿಶುಗಳ ಸಾವಿನಲ್ಲೂ ಸುಮಾರು ಮುಕ್ಕಾಲು ಭಾಗ ಮೊದಲ ವಾರದಲ್ಲೇ ಆಗಿಬಿಡುತ್ತದೆ.

ಮೊದಲ ಎರಡು ಗಂಟೆ

ತುಂಬು ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿದ ಜಾಗದಲ್ಲಿ ಬಾಯ್ದೆರೆದ ರಕ್ತನಾಳಗಳನ್ನು ಮುಚ್ಚುವುದು ಯಾವ ಹೊಲಿಗೆಯೂ ಅಲ್ಲ, ಗರ್ಭಕೋಶದ ಸ್ನಾಯುಗಳ ಬಿಗಿತ. ಅವು ಬಿಗಿಯಾಗಿ ಕುಗ್ಗಿ ನಾಳಗಳನ್ನು ಹಿಸುಕಿದರೆ ರಕ್ತ ನಿಲ್ಲುತ್ತದೆ, ಸಡಿಲ ಬಿಟ್ಟರೆ ಹರಿಯುತ್ತಲೇ ಇರುತ್ತದೆ. ಅದಕ್ಕೇ ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಯ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಕೊಡುವುದು. ಈ ಚುಚ್ಚುಮದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಹೆರಿಗೆ ಕೊಠಡಿಯ ಟ್ರೇಯಲ್ಲಿ ದಿನಗಟ್ಟಲೆ ಇಟ್ಟ ಆಂಪೂಲಿನಲ್ಲಿ ಔಷಧ ಇದ್ದರೂ ಅದರ ಬಲ ಇಳಿದಿರುತ್ತದೆ. ಕೊಟ್ಟಿದ್ದೇವೆ ಎಂದು ದಾಖಲೆ ಹೇಳುತ್ತದೆ, ಗರ್ಭಕೋಶ ಮಾತ್ರ ಗಟ್ಟಿಯಾಗುವುದಿಲ್ಲ. ಫ್ರಿಜ್ಜಿನ ತಾಪಮಾನ ದಿನಕ್ಕೆರಡು ಸಲ ಬರೆಯುವುದನ್ನು ಗುಮಾಸ್ತಿಕೆ ಎಂದು ಬದಿಗೆ ಸರಿಸುವವರು ಈ ಸರಪಳಿಯನ್ನೊಮ್ಮೆ ಯೋಚಿಸಬೇಕು.

ಎರಡು ಗಂಟೆ ಕಾಲ ತಾಯಿಯನ್ನು ಹೆರಿಗೆ ಕೊಠಡಿಯಲ್ಲೇ ಇಟ್ಟುಕೊಂಡು 15 ನಿಮಿಷಕ್ಕೊಮ್ಮೆ ನೋಡಬೇಕೆಂಬ ನಿಯಮ ಇರುವುದು ಇದಕ್ಕಾಗಿ. ನೋಡುವುದೆಂದರೆ ಮಂಚದ ಕಾಲ ಬಳಿ ನಿಂತು ಹೇಗಿದ್ದೀಯಮ್ಮ ಎಂದು ಕೇಳುವುದಲ್ಲ. ಹೊಟ್ಟೆಯ ಮೇಲೆ ಅಂಗೈ ಇಟ್ಟು ಗರ್ಭಕೋಶದ ತುದಿ ಹುಡುಕಬೇಕು. ಹೆರಿಗೆಯಾದ ಕೂಡಲೇ ಅದು ಹೊಕ್ಕುಳಿನ ಆಸುಪಾಸಿನಲ್ಲಿ ಗಟ್ಟಿ ಉಂಡೆಯಾಗಿ ಸಿಗಬೇಕು, ಆಮೇಲೆ ದಿನಕ್ಕೆ ಒಂದು ಬೆರಳಷ್ಟು ಇಳಿಯುತ್ತ ಹೋಗಬೇಕು. ಹಿಟ್ಟಿನ ಮುದ್ದೆಯಂತೆ ಮೆತ್ತಗಿದ್ದರೆ ಕೂಡಲೇ ನೀವಬೇಕು. ಹೊಕ್ಕುಳಿಗಿಂತ ಮೇಲೇರಿ ಬಲಕ್ಕೆ ಸರಿದಿದ್ದರೆ ಮೊದಲ ಅನುಮಾನ ತುಂಬಿದ ಮೂತ್ರಚೀಲದ ಮೇಲೆ. ಆ ಚೀಲ ಗರ್ಭಕೋಶವನ್ನು ಮೇಲಕ್ಕೆ ತಳ್ಳಿ ಕುಗ್ಗಲು ಬಿಡುವುದಿಲ್ಲ. ಎಷ್ಟೋ ಸಲ ರಕ್ತಸ್ರಾವಕ್ಕೆ ಕಾರಣ ಇಷ್ಟೇ ಇರುತ್ತದೆ: ಹೊಲಿಗೆ ಉರಿಯುತ್ತದೆಂದು, ಹೊಸ ಜಾಗದ ಸಂಕೋಚಕ್ಕೆಂದು ತಾಯಿ ಮೂತ್ರ ಕಟ್ಟಿಕೊಂಡು ಮಲಗಿರುತ್ತಾಳೆ, ಯಾರೂ ಕೇಳಿರುವುದಿಲ್ಲ. ಹೆರಿಗೆಯಾದ ಆರು ಗಂಟೆಯೊಳಗೆ ಮೂತ್ರವಾಯಿತೇ ಎಂಬುದು ಕೇಸ್‌ಶೀಟಿನಲ್ಲಿ ಇರಲೇಬೇಕಾದ ಒಂದು ಸಾಲು.

ರಕ್ತದ ಪ್ರಮಾಣವನ್ನು ಕಣ್ಣಂದಾಜಿನಲ್ಲಿ ಹೇಳುವುದು ದೊಡ್ಡ ಮೋಸ. ಬಟ್ಟೆ ಹೀರಿದ್ದು, ನೆಲಕ್ಕೆ ಬಿದ್ದದ್ದು, ಬಕೆಟ್‌ನಲ್ಲಿ ನೀರಿನೊಂದಿಗೆ ಬೆರೆತದ್ದು ಲೆಕ್ಕಕ್ಕೆ ಸಿಗುವುದಿಲ್ಲ. ಅನುಭವಸ್ಥರೂ ಹೆಚ್ಚು ರಕ್ತವನ್ನು ಕಡಿಮೆ ಎಂದೇ ಅಂದಾಜಿಸುತ್ತಾರೆ. ತಾಯಿಯ ಸೊಂಟದ ಕೆಳಗೆ ಹಾಸುವ ಅಳತೆ ಗೆರೆಗಳಿರುವ ಪ್ಲಾಸ್ಟಿಕ್ ಚೀಲವನ್ನು ಬಳಸಿ, ರಕ್ತಸ್ರಾವ ಕಂಡಕೂಡಲೇ ಐದು ಕೆಲಸಗಳನ್ನು ಒಟ್ಟಿಗೆ ಶುರುಮಾಡಿದರೆ ಏನಾಗುತ್ತದೆಂದು ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ತಾಂಜಾನಿಯಾದ ಆಸ್ಪತ್ರೆಗಳಲ್ಲಿ ನಡೆದ ಇ-ಮೋಟಿವ್ ಅಧ್ಯಯನ 2023ರಲ್ಲಿ ತೋರಿಸಿತು. ತೀವ್ರ ರಕ್ತಸ್ರಾವ, ಅದರಿಂದಾಗುವ ಶಸ್ತ್ರಚಿಕಿತ್ಸೆ ಮತ್ತು ಸಾವು ಇವೆಲ್ಲ ಸೇರಿ ಶೇ 60ರಷ್ಟು ಇಳಿದವು. ಗರ್ಭಕೋಶ ನೀವುವುದು, ಆಕ್ಸಿಟೋಸಿನ್, ರಕ್ತದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್, ಐವಿ ದ್ರಾವಣ, ರಕ್ತದ ಮೂಲ ಹುಡುಕುವ ಪರೀಕ್ಷೆ ಎಂಬ ಆ ಐದರಲ್ಲಿ ಯಾವುದೂ ಹೊಸದಲ್ಲ. ಹಿಂದೆ ಒಂದು ಮಾಡಿ ನೋಡಿ, ಆಗದಿದ್ದರೆ ಇನ್ನೊಂದು ಎಂದು ಕಾಯುತ್ತಿದ್ದರು. ಬದಲಾದದ್ದು ಆ ಕಾಯುವಿಕೆ. ಟ್ರಾನೆಕ್ಸಾಮಿಕ್ ಆಸಿಡ್ ಒಂದು ಗ್ರಾಂ, ರಕ್ತನಾಳದ ಮೂಲಕ ಹತ್ತು ನಿಮಿಷ ಹಿಡಿದು ಕೊಡುವುದು. ತಡವಾದ ಪ್ರತಿ 15 ನಿಮಿಷಕ್ಕೆ ಅದರ ಲಾಭ ಹತ್ತರಲ್ಲೊಂದು ಪಾಲು ಕುಸಿಯುತ್ತದೆ, ಮೂರು ಗಂಟೆ ಕಳೆದರೆ ಏನೂ ಉಳಿಯುವುದಿಲ್ಲ.

500 ಮಿಲಿಲೀಟರ್ ದಾಟಿದ ಮೇಲೆ ಓಡುವುದು ಹಳೆಯ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಕೊಟ್ಟ ಸೂಚನೆಯಂತೆ 300 ಮಿಲಿಲೀಟರ್ ಹೋಗಿ ನಾಡಿ ಅಥವಾ ಬಿಪಿ ಹದ ತಪ್ಪಿದ್ದರೆ ಅಲ್ಲಿಂದಲೇ ಚಿಕಿತ್ಸೆ ಶುರುವಾಗಬೇಕು. ನಮ್ಮ ಹೆಣ್ಣುಮಕ್ಕಳಿಗೆ ಇದು ಹೆಚ್ಚು ಒಪ್ಪುವ ಮಾತು. ರಾಜ್ಯದ ಗರ್ಭಿಣಿಯರಲ್ಲಿ ಅರ್ಧಕ್ಕರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ 7 ಇರುವ ತಾಯಿಗೆ, 12 ಇರುವ ತಾಯಿ ತಡೆದುಕೊಳ್ಳುವಷ್ಟು ರಕ್ತ ಕಳೆದುಕೊಳ್ಳುವ ಶಕ್ತಿ ಇಲ್ಲ. ಬಿಪಿ ಬೀಳುವುದು ಕೊನೆಗೆ, ಮೊದಲು ಏರುವುದು ನಾಡಿ. ನಾಡಿಯ ಅಂಕಿಯನ್ನು ಮೇಲಿನ ಬಿಪಿಯಿಂದ ಭಾಗಿಸಿ 0.9 ಅಥವಾ ಹೆಚ್ಚು ಬಂದರೆ ಅದು ಎಚ್ಚರಿಕೆಯ ಗಂಟೆ. ನಾಡಿ 110, ಬಿಪಿ 110/70 ಇದ್ದರೆ ಬಿಪಿ ಚೆನ್ನಾಗಿದೆ ಎಂದು ಮುಂದೆ ಹೋಗುವುದು ತಪ್ಪು, ಅಲ್ಲಿ ಉತ್ತರ 1 ಬಂದಿದೆ.

ಹೊರಗೆ ರಕ್ತವೇ ಕಾಣದ ಸ್ರಾವವೂ ಉಂಟು. ಯೋನಿಯ ಗೋಡೆಯೊಳಗೆ ರಕ್ತ ಹೆಪ್ಪುಗಟ್ಟುತ್ತಿದ್ದರೆ ಪ್ಯಾಡ್ ಒಣಗಿಯೇ ಇರುತ್ತದೆ. ತಾಯಿ ಮಾತ್ರ ಹೊಲಿಗೆಯ ಜಾಗದಲ್ಲಿ ತಡೆಯಲಾರದ ನೋವು, ಮಲಕ್ಕೆ ಹೋಗಬೇಕೆನಿಸುವ ಒತ್ತಡ ಎನ್ನುತ್ತಾಳೆ, ನಾಡಿ ಏರುತ್ತ ಹೋಗುತ್ತದೆ. ಹೊಲಿಗೆ ಅಂದ ಮೇಲೆ ನೋವಿರುತ್ತದಮ್ಮ ಎಂಬ ಸಮಾಧಾನದ ಮಾತು ಇಲ್ಲಿ ಜೀವಕ್ಕೆ ಎರವಾಗಬಹುದು.

ಲೆಕ್ಕಕ್ಕೆ ಸಿಗದ ರೋಗಿ

ಎರಡು ಗಂಟೆ ಕಳೆದು ತಾಯಿ ಮಗು ವಾರ್ಡಿಗೆ ಬರುತ್ತಾರೆ. ಇಲ್ಲಿರುವ ದೋಷ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಬಹುತೇಕ ಕಡೆ ವಾರ್ಡಿನ ಲೆಕ್ಕ ನಡೆಯುವುದು ಹಾಸಿಗೆಯ ಮೇಲೆ, ಹಾಸಿಗೆ ಇರುವುದು ತಾಯಿಯ ಹೆಸರಿನಲ್ಲಿ. ಪಕ್ಕದಲ್ಲಿ ಮಲಗಿದ ಮಗು ಕಾಯಿಲೆಯ ನವಜಾತ ಶಿಶುಗಳ ವಿಶೇಷ ಘಟಕಕ್ಕೆ (ಎಸ್‌ಎನ್‌ಸಿಯು) ಹೋದರೆ ಮಾತ್ರ ಅದಕ್ಕೆ ಸ್ವಂತ ಕೇಸ್‌ಶೀಟ್, ಸ್ವಂತ ಸಿಸ್ಟರ್. ತಾಯಿಯ ಮಗ್ಗುಲಲ್ಲಿದ್ದರೆ ಅದು ಸಿಬ್ಬಂದಿ ಹಂಚಿಕೆಯ ಲೆಕ್ಕದಲ್ಲೇ ಇಲ್ಲ. ಹೀಗಾಗಿ ಮೂವತ್ತು ಹಾಸಿಗೆಯ ಬಾಣಂತಿಯರ ವಾರ್ಡಿನಲ್ಲಿ ವಾಸ್ತವದಲ್ಲಿ ಅರವತ್ತು ಜನ ಇರುತ್ತಾರೆ. ಒಂದು ಜೋಡಿಯನ್ನು ಸರಿಯಾಗಿ ನೋಡಲು ಹತ್ತೇ ನಿಮಿಷ ಎಂದಿಟ್ಟುಕೊಂಡರೂ ಒಂದು ಸುತ್ತಿಗೆ ಐದು ಗಂಟೆ ಬೇಕು. ರಾತ್ರಿ ಪಾಳಿಯಲ್ಲಿ ಒಬ್ಬರೋ ಇಬ್ಬರೋ ಸಿಸ್ಟರ್. ಇಂಜೆಕ್ಷನ್, ಹೊಸ ದಾಖಲಾತಿ, ರಿಜಿಸ್ಟರು, ಆನ್‌ಲೈನ್ ನಮೂದು ಎಲ್ಲ ಅವರ ತಲೆಮೇಲೆಯೇ. ಬೆಳಗಿನ ಹ್ಯಾಂಡೋವರ್ ಹೊತ್ತಿಗೆ ಎಲ್ಲ ಬಾಣಂತಿಯರ ಹೆಸರಿನ ಮುಂದೆ ಒಂದೇ ಬಿಪಿ, ಒಂದೇ ನಾಡಿ ಬರೆದಿರುವ ಕೇಸ್‌ಶೀಟ್ ಕಂಡರೆ ಅದನ್ನು ಸೋಮಾರಿತನ ಎನ್ನುವ ಮೊದಲು ಈ ಗುಣಾಕಾರ ಮಾಡಿ ನೋಡಬೇಕು. ಮಗುವನ್ನು ಪ್ರತ್ಯೇಕ ರೋಗಿ ಎಂದು ಎಣಿಸಿ ಸಿಬ್ಬಂದಿ ಕೊಡುವವರೆಗೆ ಯಾವ ತರಬೇತಿಯೂ ಈ ವಾರ್ಡನ್ನು ರಿಪೇರಿ ಮಾಡಲಾರದು.

ಆ ಹತ್ತು ನಿಮಿಷದಲ್ಲಿ ಮಗುವಿಗೆ ಏನು ನೋಡಬೇಕು? ಮೊದಲು ಕಾಲು ಮುಟ್ಟಬೇಕು, ಆಮೇಲೆ ಹೊಟ್ಟೆ. ಕೈಯ ಹಿಂಬದಿಯಿಂದ ಮುಟ್ಟಿದಾಗ ಎರಡೂ ಬೆಚ್ಚಗಿದ್ದರೆ ಸರಿ. ಪಾದ ತಣ್ಣಗೆ, ಹೊಟ್ಟೆ ಬೆಚ್ಚಗೆ ಇದ್ದರೆ ಮಗುವಿಗೆ ಚಳಿ ಶುರುವಾಗಿದೆ. ಎರಡೂ ತಣ್ಣಗಿದ್ದರೆ ಅದು ಅಪಾಯ, ಥರ್ಮಾಮೀಟರ್ ಇಡಬೇಕು. ಇರಬೇಕಾದದ್ದು 36.5ರಿಂದ 37.5 ಡಿಗ್ರಿ. ತಣ್ಣಗಾದ ಮಗು ಮೈ ಕಾಯಿಸಿಕೊಳ್ಳಲು ರಕ್ತದ ಸಕ್ಕರೆಯನ್ನೂ ಆಮ್ಲಜನಕವನ್ನೂ ಸುಡುತ್ತದೆ. ಸಕ್ಕರೆ ಇಳಿದಾಗ ಮಂಕಾಗುತ್ತದೆ, ಮಂಕಾದ ಮಗು ಹಾಲು ಚೀಪುವುದಿಲ್ಲ, ಚೀಪದಿದ್ದರೆ ಇನ್ನಷ್ಟು ತಣ್ಣಗಾಗುತ್ತದೆ. ಪಾಪ ನಿದ್ದೆ ಮಾಡ್ತಿದೆ, ಎಬ್ಬಿಸಬೇಡಿ ಎಂದು ಮನೆಯವರು ಹೇಳುವ ಎಷ್ಟೋ ಮಕ್ಕಳು ಈ ಸುಳಿಯೊಳಗೆ ಇರುತ್ತವೆ. ಮದ್ದು ದುಬಾರಿಯದಲ್ಲ: ತಾಯಿಯ ಬರಿಮೈಗೆ ಬರಿಮೈ ತಾಗುವಂತೆ ಎದೆಯ ಮೇಲೆ ಮಲಗಿಸಿ, ತಲೆಗೆ ಟೋಪಿ ಹಾಕಿ, ಇಬ್ಬರಿಗೂ ಮೇಲಿಂದ ಹೊದಿಸುವುದು. ಹುಟ್ಟಿದ ಮೊದಲ 24 ಗಂಟೆ ಸ್ನಾನ ಬೇಡ ಎನ್ನುವುದೂ ಇದೇ ಕಾರಣಕ್ಕೆ.

ತೂಕ ಕಡಿಮೆ ಇರುವ, ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಿಗೆ ಇದೇ ಕ್ರಮವನ್ನು ಕಾಂಗರೂ ಆರೈಕೆ ಎಂದು ದಿನಕ್ಕೆ 8ರಿಂದ 24 ಗಂಟೆ ಮಾಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಅದನ್ನು ಇಡೀ ಜಿಲ್ಲೆಗೆ ಹರಡುವುದು ಹೇಗೆ ಎಂಬ ಪ್ರಯೋಗ ನಡೆದ ಕೆಲವೇ ಜಾಗಗಳಲ್ಲಿ ನಮ್ಮ ಕೊಪ್ಪಳ ಜಿಲ್ಲೆಯೂ ಒಂದು. ಇದಕ್ಕೆ ಬೇಕಾದದ್ದು ಯಂತ್ರವಲ್ಲ. ಒರಗುವ ಕುರ್ಚಿ, ಮುಂದೆ ತೆರೆಯುವ ರವಿಕೆ, ಮರೆಗೆ ಒಂದು ಪರದೆ, ತಾಯಿ ಊಟಕ್ಕೆ ಎದ್ದಾಗ ಮಗುವನ್ನು ಎದೆಗೆ ಹಾಕಿಕೊಳ್ಳಲು ಅಜ್ಜಿಯೋ ಅಪ್ಪನೋ ಒಳಗೆ ಬರಲು ಅನುಮತಿ. ಪರದೆಯಿಲ್ಲದ, ಗಂಡಸರು ಅಡ್ಡಾಡುವ ವಾರ್ಡಿನಲ್ಲಿ ರವಿಕೆ ಬಿಚ್ಚಿ ಕೂರು ಎಂದರೆ ಯಾವ ತಾಯಿ ಕೂತಾಳು?

ಎರಡನೆಯದು ಹಾಲು. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕುವುದು ರಾಜ್ಯದಲ್ಲಿ ಅರ್ಧದಷ್ಟು ಮಕ್ಕಳಿಗೆ ಮಾತ್ರ. ಹೆರಿಗೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಸಿಸೇರಿಯನ್ ಆಗುತ್ತಿರುವುದು ಇದಕ್ಕೊಂದು ಕಾರಣ. ಬೆನ್ನಿಗೆ ಅರಿವಳಿಕೆ ಕೊಟ್ಟ ತಾಯಿ ಎಚ್ಚರವಾಗಿಯೇ ಇರುತ್ತಾಳೆ, ಪಕ್ಕದಲ್ಲಿ ಒಬ್ಬರು ಹಿಡಿದುಕೊಂಡರೆ ಮಗು ಚೀಪುತ್ತದೆ. ಹಾಗೆ ಹಿಡಿದುಕೊಳ್ಳುವ ಒಬ್ಬರೇ ಇರುವುದಿಲ್ಲ ಎನ್ನುವುದು ತೊಂದರೆ. ಮೊದಲ ದಿನ ಮಗುವಿನ ಹೊಟ್ಟೆ ಹಿಡಿಯುವುದು ಒಂದು ಸಲಕ್ಕೆ ಒಂದೆರಡು ಚಮಚೆಯಷ್ಟು, ತಾಯಿಗೆ ಬರುವ ಹಳದಿ ಹಾಲೂ ಅಷ್ಟೇ. ಹಾಲೇ ಬರ್ತಿಲ್ಲ ಎಂಬ ಅತ್ತೆಯ ಆತಂಕಕ್ಕೆ ಡಬ್ಬಿ ಹಾಲು ಬರೆದುಕೊಡುವುದು ಸುಲಭ, ಪಕ್ಕದಲ್ಲಿ ಕೂತು ಹಾಲೂಡಿಸುವುದನ್ನು ನೋಡುವುದು ಕಷ್ಟ. ನೋಡಬೇಕಾದದ್ದು: ಬಾಯಿ ಅಗಲವಾಗಿ ತೆರೆದಿದೆಯೇ, ಕೆಳತುಟಿ ಹೊರಕ್ಕೆ ಮಡಚಿದೆಯೇ, ಗದ್ದ ಎದೆಗೆ ತಾಗಿದೆಯೇ, ಮೊಲೆತೊಟ್ಟಿನ ಸುತ್ತಲ ಕಪ್ಪು ಭಾಗ ಬಾಯಿಯ ಮೇಲ್ಗಡೆ ಹೆಚ್ಚು ಕಾಣುತ್ತಿದೆಯೇ. ತೊಟ್ಟು ಮಾತ್ರ ಬಾಯಲ್ಲಿದ್ದರೆ ಅದು ಒಡೆಯುತ್ತದೆ, ತಾಯಿ ನೋವಿಗೆ ಹೆದರಿ ಹಾಲೂಡುವುದನ್ನು ತಪ್ಪಿಸುತ್ತಾಳೆ, ಎದೆ ಕಟ್ಟಿಕೊಂಡು ಜ್ವರ ಬರುತ್ತದೆ. ದಿನಕ್ಕೆ 8ರಿಂದ 12 ಸಲ ಊಡಬೇಕು, ರಾತ್ರಿಯೂ ಸೇರಿ.

ಮಗುವಿಗೆ ಸಾಕಾಗುತ್ತಿದೆಯೇ ಎಂಬುದಕ್ಕೆ ಸಾಕ್ಷಿ ಅದರ ಬಟ್ಟೆ. ಮೊದಲ 24 ಗಂಟೆಯಲ್ಲಿ ಕಪ್ಪು ಮಲ, ಮೊದಲ ದಿನ ಒಂದಾದರೂ ಸಲ ಮೂತ್ರ, ಎರಡನೆಯ ದಿನ ಎರಡು, ಹೀಗೆ ಏರಿ ವಾರದ ಹೊತ್ತಿಗೆ ದಿನಕ್ಕೆ ಆರಕ್ಕೂ ಹೆಚ್ಚು. ಹುಟ್ಟಿದ ತೂಕದಲ್ಲಿ ಶೇ 7ರವರೆಗೆ ಇಳಿಯುವುದು ಸಹಜ. ಶೇ 10 ದಾಟಿದರೆ ಹಾಲು ಸಾಲುತ್ತಿಲ್ಲ ಎಂದರ್ಥ. ಮೂರು ಕಿಲೋ ಮಗು 2.7ಕ್ಕೆ ಇಳಿದರೆ ಬಿಡುಗಡೆಗೆ ಮುಂಚೆ ನಿಲ್ಲಿಸಿ ಕಾರಣ ಹುಡುಕಬೇಕು. ಬೇಸಿಗೆಯಲ್ಲಿ ಮೂರು ನಾಲ್ಕನೆಯ ದಿನ ಮಗುವಿಗೆ ಜ್ವರ ಬಂದು, ಮೈ ಒಣಗಿ, ರಕ್ತದಲ್ಲಿ ಸೋಡಿಯಂ ಏರಿರುವುದು ಕಂಡರೆ ಹಿಂದೆ ಹೆಚ್ಚಾಗಿ ಇಂಥದೇ ತೂಕ ನೋಡದ ಬಿಡುಗಡೆ ಇರುತ್ತದೆ.

ಕಾಮಾಲೆಯ ವಿಷಯದಲ್ಲಿ ಕೈಬಿಡಲಾಗದ ಗಡುವುಗಳಿವೆ. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ ಅದು ಸಹಜವಲ್ಲ, ಅಂಗೈ ಅಂಗಾಲಿಗೆ ಹಳದಿ ಇಳಿದರೂ ಅಷ್ಟೇ. ಹಗಲ ಬೆಳಕಲ್ಲಿ ಹಣೆ, ಎದೆ, ಪಾದದ ಚರ್ಮ ಒತ್ತಿ ಬಿಟ್ಟು ನೋಡಬೇಕು, ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ಮೋಸವಾಗುತ್ತದೆ. ಬೆಳಗಿನ ಎಳೆಬಿಸಿಲಿಗೆ ಹಿಡಿದರೆ ಸಾಕೆಂದು ತೀವ್ರ ಕಾಮಾಲೆಯ ಮಗುವನ್ನು ಮನೆಯಲ್ಲಿಟ್ಟುಕೊಂಡರೆ ಮಿದುಳಿಗೆ ಶಾಶ್ವತ ಪೆಟ್ಟು ಬೀಳಬಹುದು. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಇದ್ದರೆ ಮಗುವಿನ ಗುಂಪು ಪರೀಕ್ಷಿಸಿ, ಪಾಸಿಟಿವ್ ಬಂದರೆ 72 ಗಂಟೆಯೊಳಗೆ ತಾಯಿಗೆ 300 ಮೈಕ್ರೋಗ್ರಾಂ ಆಂಟಿ-ಡಿ ಚುಚ್ಚುಮದ್ದು ಬೀಳಬೇಕು. ಮಗುವಿನ ರಕ್ತದ ವಿರುದ್ಧ ತಾಯಿಯ ದೇಹ ಪ್ರತಿಕಾಯ ಕಟ್ಟಿಕೊಳ್ಳದಂತೆ ತಡೆಯುವುದು ಅದೇ. ಶನಿವಾರ ರಾತ್ರಿ ಹೆರಿಗೆ, ಭಾನುವಾರ ಲ್ಯಾಬ್ ರಜೆ, ಸೋಮವಾರ ಬಿಡುಗಡೆ ಎಂಬ ಸಾಲಿನಲ್ಲಿ ಇದು ಕಳೆದುಹೋದರೆ ಪೆಟ್ಟು ಬೀಳುವುದು ಮುಂದಿನ ಮಗುವಿಗೆ.

ಹುಟ್ಟಿದ ಮೊದಲ ಗಂಟೆಗಳಲ್ಲೇ ಒಂದು ಮಿಲಿಗ್ರಾಂ ವಿಟಮಿನ್ ಕೆ, 24 ಗಂಟೆಯೊಳಗೆ ಹೆಪಟೈಟಿಸ್ ಬಿ, ಬಿಡುಗಡೆಗೆ ಮುನ್ನ ಬಿಸಿಜಿ ಮತ್ತು ಪೋಲಿಯೊ ಹನಿ. ಇವು ನಮ್ಮಲ್ಲಿ ಚೆನ್ನಾಗಿಯೇ ನಡೆಯುತ್ತಿವೆ.

ಸಿಸೇರಿಯನ್ ಆದವರು

ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದ ತಾಯಿ ದೊಡ್ಡ ಶಸ್ತ್ರಚಿಕಿತ್ಸೆ ಆದ ರೋಗಿ. ಜೊತೆಗೆ ಹಸುಗೂಸು ಸಾಕಬೇಕಾದವಳು. ಬೇರೆ ಯಾವ ಶಸ್ತ್ರಚಿಕಿತ್ಸೆಯ ರೋಗಿಗೂ ಆ ರಾತ್ರಿಯೇ ಎದ್ದು ಇನ್ನೊಬ್ಬರ ಆರೈಕೆ ಮಾಡು ಎನ್ನುವುದಿಲ್ಲ.

ಇಲ್ಲಿ ಎಲ್ಲಕ್ಕಿಂತ ಮೊದಲು ಮಾತಾಡುವುದು ಯೂರಿನ್ ಬ್ಯಾಗ್. ಗಂಟೆಗೆ 30 ಮಿಲಿಲೀಟರ್‌ಗಿಂತ ಕಡಿಮೆ ಇಳಿದರೆ ದೇಹದೊಳಗೆ ರಕ್ತ ಸೋರುತ್ತಿರಬಹುದು, ನಂಜು ಏರುತ್ತಿರಬಹುದು, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿರಬಹುದು, ಶಸ್ತ್ರಚಿಕಿತ್ಸೆಯಲ್ಲಿ ಮೂತ್ರನಾಳಕ್ಕೆ ಗಾಯವಾಗಿರಲೂಬಹುದು. ಬಳ್ಳಾರಿಯ ಪ್ರಕರಣಗಳಲ್ಲೂ ಮೂತ್ರಪಿಂಡ ವೈಫಲ್ಯ, ಬಹು ಅಂಗಾಂಗ ವೈಫಲ್ಯದ ಮಾತು ಬಂದಿತ್ತು. ಬೆಳಿಗ್ಗೆ ಬ್ಯಾಗ್ ಖಾಲಿ ಮಾಡುವಾಗ ಒಟ್ಟು ಮೊತ್ತ ಬರೆದರೆ ರಾತ್ರಿ ಎಷ್ಟು ಹೊತ್ತಿಗೆ ಧಾರೆ ನಿಂತಿತು ಎಂಬುದು ಯಾರಿಗೂ ತಿಳಿಯುವುದಿಲ್ಲ. ಗಂಟೆ ಗಂಟೆಗೆ ಬರೆದರೆ ಮಾತ್ರ ಅದು ಮಾಹಿತಿ. ದ್ರಾವಣದ ಬಾಟಲಿಗೂ ಇದೇ ಶಿಸ್ತು ಬೇಕು: ಬ್ಯಾಚ್ ನಂಬರ್ ಕೇಸ್‌ಶೀಟಿನಲ್ಲಿ ಬರೆಯುವುದು, ಬೆಳಕಿಗೆ ಹಿಡಿದು ಕಸ, ಮಬ್ಬು, ಸೋರಿಕೆ ನೋಡುವುದು, ಹಾಕಿದ ಮೇಲೆ ನಡುಕ ಜ್ವರ ಬಂದರೆ ಕೂಡಲೇ ನಿಲ್ಲಿಸಿ ಬಾಟಲಿಯನ್ನು ಎಸೆಯದೆ ತೆಗೆದಿಡುವುದು. ಒಂದೇ ಬ್ಯಾಚಿನ ಬಾಟಲಿಯಿಂದ ಇಬ್ಬರಿಗೆ ತೊಂದರೆಯಾಯಿತು ಎಂದು ಮೊದಲ ದಿನವೇ ಗೊತ್ತಾಗುವುದು ಈ ಬರಹದಿಂದ.

ಮಿಕ್ಕದ್ದು ಬೇಗ ಹೇಳಬಹುದು. ಅದೇ ದಿನ ಎಬ್ಬಿಸಿ ಕೂರಿಸಿ, ನಡೆಸಬೇಕು. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರುವ ಅನುಮಾನ, ಅದನ್ನು ತಿಕ್ಕಿ ನೀವಬಾರದು. ಗಾಯದ ಸೋಂಕು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ನಾಲ್ಕನೆಯ ದಿನದಿಂದ ಏಳನೆಯ ದಿನದೊಳಗೆ, ಎಷ್ಟೋ ಸಲ ಮನೆಗೆ ಹೋದ ಮೇಲೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದ ಸಿಸೇರಿಯನ್ ಆದವರಿಗೆ ಏಳು ದಿನ, ಸಹಜ ಹೆರಿಗೆಗೆ ಮೂರು ದಿನದ ಉಚಿತ ಊಟದ ಹಕ್ಕು ಕೊಟ್ಟಿದೆ. ಹಾಸಿಗೆ ಸಾಲುತ್ತಿಲ್ಲ ಎಂದು ಅದಕ್ಕೂ ಮುಂಚೆ ಕಳಿಸುವಾಗ ಆಸ್ಪತ್ರೆ ಏನನ್ನು ಮನೆಗೆ ದಾಟಿಸುತ್ತಿದೆ ಎಂಬ ಅರಿವಿರಬೇಕು.

ಬಿಪಿ ಏರುವುದು ಮನೆಗೆ ಹೋದ ಮೇಲೆ

ಮಗು ಹುಟ್ಟಿದರೆ ಬಿಪಿ ಸರಿಹೋಗುತ್ತದೆ ಎಂಬ ನಂಬಿಕೆ ಆಸ್ಪತ್ರೆಗಳ ಒಳಗೂ ಇದೆ. ಹೆರಿಗೆಯ ನಂತರ ಬಿಪಿ ಅತಿ ಹೆಚ್ಚಾಗುವುದು ಮೂರರಿಂದ ಆರನೆಯ ದಿನದೊಳಗೆ. ಗರ್ಭಿಣಿಯಿದ್ದಾಗ ಸರಿಯಾಗಿದ್ದವರಿಗೂ ಹೆರಿಗೆಯಾದ ಮೇಲೆ ಮೊದಲ ಬಾರಿ ಫಿಟ್ಸ್ ಬರಬಹುದು. 48 ಗಂಟೆಗೆ ಬಿಡುಗಡೆ ಎಂದರೆ ಅಪಾಯ ಏರುವ ಹೊತ್ತಿಗೆ ಸರಿಯಾಗಿ ಅವಳು ಆಟೋದಲ್ಲಿ ಮನೆಗೆ ಹೊರಟಿರುತ್ತಾಳೆ. ಬಿಪಿ ಇದ್ದವರನ್ನು ಮೂರನೆಯ ದಿನ ಮತ್ತು ಹತ್ತನೆಯ ದಿನದೊಳಗೆ ಮತ್ತೊಮ್ಮೆ ಅಳೆಯಲೇಬೇಕು. 160/110 ಮುಟ್ಟಿದರೆ ಅದು ತುರ್ತು, ಒಂದು ಗಂಟೆಯೊಳಗೆ ಔಷಧ ಬೀಳಬೇಕು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ನೋವು ಇವುಗಳಿಗೆ ನೋವಿನ ಮಾತ್ರೆ ಕೊಟ್ಟು ಮಲಗಿಸುವಂತಿಲ್ಲ.

ಫಿಟ್ಸ್ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ವೈದ್ಯರಿಗೆ ಕಾಯದೆ ಮೆಗ್ನೀಸಿಯಂ ಸಲ್ಫೇಟಿನ ಮೊದಲ ಡೋಸ್ ಕೊಡಬಹುದು: ಶೇ 50ರ ದ್ರಾವಣ, ಎರಡೂ ಪಿರ್ರೆಗೆ ಐದೈದು ಗ್ರಾಂ, ಆಳಕ್ಕೆ. ಕೊಟ್ಟೇ 108ಕ್ಕೆ ಹತ್ತಿಸಬೇಕು. ಮುಂದಿನ ಡೋಸಿಗೆ ಮೊದಲು ಮಂಡಿಯ ಪ್ರತಿಕ್ರಿಯೆ ಇದೆಯೇ, ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆ ಆಗಿಲ್ಲವೇ, ಮೂತ್ರ ಗಂಟೆಗೆ 30 ಮಿಲಿಲೀಟರ್ ಇಳಿದಿದೆಯೇ ನೋಡಿ, ಕೈಗೆಟುಕುವಲ್ಲಿ ಅದರ ಪ್ರತಿಮದ್ದಾದ ಕ್ಯಾಲ್ಸಿಯಂ ಗ್ಲುಕೋನೇಟ್ ಇಟ್ಟುಕೊಂಡಿರಬೇಕು. ಮತ್ತೊಂದು ತಪ್ಪು ಪದೇ ಪದೇ ಆಗುವಂಥದ್ದು: ರಕ್ತಸ್ರಾವ ಕಂಡಕೂಡಲೇ ಅಭ್ಯಾಸಬಲದಿಂದ ಗರ್ಭಕೋಶ ಕುಗ್ಗಿಸುವ ಮೆಥರ್ಜಿನ್ ಎಂಬ ಔಷಧ ಕೊಡುವುದು. ಬಿಪಿ ಇರುವ ತಾಯಿಗೆ ಅದು ಪಾರ್ಶ್ವವಾಯು ತರಬಲ್ಲದು. ಬಿಪಿ ಇರುವವರ ಕೇಸ್‌ಶೀಟಿನ ಮುಖಪುಟದಲ್ಲೇ ಕೆಂಪು ಶಾಯಿಯಲ್ಲಿ ಮೆಥರ್ಜಿನ್ ಬೇಡ ಎಂದು ಬರೆದರೆ ಆ ತಪ್ಪಿಗೆ ಅಲ್ಲೇ ತಡೆ.

ತವರಿನ ದಾರಿಯಲ್ಲಿ ಕಳೆದುಹೋಗುವವರು

ಮನೆಗೆ ಬಂದ ಬಾಣಂತಿಯನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ನೋಡಬೇಕು. ಈ ಮನೆಭೇಟಿಯ ಬೇರು ಮಹಾರಾಷ್ಟ್ರದ ಗಡಚಿರೋಲಿಯಲ್ಲಿದೆ. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅಲ್ಲಿನ ಹಳ್ಳಿಯ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಮನೆ ಮನೆಗೆ ಕಳಿಸಿದಾಗ ಮೂರನೆಯ ವರ್ಷಕ್ಕೆ ನವಜಾತ ಶಿಶುಗಳ ಸಾವು ಶೇ 62ರಷ್ಟು ಇಳಿದಿದ್ದನ್ನು 1999ರಲ್ಲಿ ಪ್ರಕಟಿಸಿದರು. 2011ರಲ್ಲಿ ಅದು ದೇಶದ ಕಾರ್ಯಕ್ರಮವಾಯಿತು. ಆರೂ ಭೇಟಿಗೆ ಸೇರಿಸಿ ಆಗ ನಿಗದಿಯಾದ ಪ್ರೋತ್ಸಾಹಧನ 250 ರೂಪಾಯಿ.

ಆದರೆ ನಮ್ಮಲ್ಲಿ ಬಾಣಂತನ ತವರಿನಲ್ಲಿ. ತಾಯಿ ಕಾರ್ಡ್ ಆಗಿರುವುದು ಗಂಡನ ಊರಿನ ಉಪಕೇಂದ್ರದಲ್ಲಿ, ತಪಾಸಣೆ ನಡೆದಿರುವುದು ಅಲ್ಲಿಯ ಆಶಾ ಕೈಯಲ್ಲಿ. ಏಳನೆಯ ತಿಂಗಳಲ್ಲೋ ಒಂಬತ್ತರಲ್ಲೋ ಸೀಮಂತ ಮುಗಿಸಿ ಅವಳು ತವರಿಗೆ ಬರುತ್ತಾಳೆ, ತಾಲ್ಲೂಕೋ ಜಿಲ್ಲೆಯೋ ಬದಲಾಗುತ್ತದೆ. ಹೆರಿಗೆ ಮೂರನೆಯ ಕಡೆ, ದೊಡ್ಡಾಸ್ಪತ್ರೆಯಲ್ಲಿ. ಗಂಡನ ಊರಿನ ಆಶಾಗೆ ಅವಳು ಊರಲ್ಲಿಲ್ಲ, ತವರಿನ ಆಶಾಗೆ ಅವಳು ಪಟ್ಟಿಯಲ್ಲಿಲ್ಲ. ಬಿಪಿ ಏರುವ, ಗಾಯ ಕೀವಾಗುವ, ಮಗು ಹಳದಿಯಾಗುವ ವಾರದಲ್ಲಿಯೇ ಅವಳು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಚೊಚ್ಚಲ ಬಾಣಂತಿಯರು ಹೆಚ್ಚಾಗಿ ತವರಿನಲ್ಲೇ ಇರುವುದರಿಂದ ಹೀಗೆ ಜಾರಿಹೋಗುವವರಲ್ಲಿ ಅವರೇ ಹೆಚ್ಚು.

ಇದನ್ನು ಸರಿಪಡಿಸುವುದಕ್ಕೆ ಹೊಸ ಯೋಜನೆ ಬೇಡ. ಏಳನೆಯ ತಿಂಗಳ ತಪಾಸಣೆಯಲ್ಲಿ ಬಾಣಂತನ ಯಾವ ಊರಲ್ಲಿ ಎಂದು ಕೇಳಿ ತಾಯಿ ಕಾರ್ಡಿನ ಮೇಲೆ ಆ ಊರಿನ ಆಶಾ ಫೋನ್ ನಂಬರ್ ಬರೆಯಬೇಕು. ಬಿಡುಗಡೆಯ ದಿನ ವಾರ್ಡಿನಿಂದಲೇ ಆ ನಂಬರಿಗೆ ಕರೆ ಹೋಗಬೇಕು: ಇಂಥವರು ಇವತ್ತು ಹೊರಟಿದ್ದಾರೆ, ಬಿಪಿ ಇತ್ತು, ಮೂರನೆಯ ದಿನ ಅಳೆಯಿರಿ. ಭೇಟಿಯ ಹಣ ಭೇಟಿ ಮಾಡಿದವರಿಗೆ ಸಿಗುವಂತಾಗಬೇಕು, ನೋಂದಣಿ ಯಾವ ಊರಿನದಾದರೂ.

ಆಶಾ ಮನೆಗೆ ಬಂದಾಗ ಮಗುವಿನ ಕಡೆಯೇ ನೋಡಿ ಹೋಗುವುದು ಇನ್ನೊಂದು ಕೊರತೆ. ಅವರ ಕಿಟ್ಟಿನಲ್ಲಿ ತೂಕದ ತಕ್ಕಡಿ, ಥರ್ಮಾಮೀಟರ್, ಉಸಿರೆಣಿಸಲು ಗಡಿಯಾರ ಇವೆ. ಉಸಿರು ನಿಮಿಷಕ್ಕೆ 60 ಅಥವಾ ಹೆಚ್ಚು, ಪಕ್ಕೆ ಒಳಸೇದುವುದು, ಹಾಲು ಬಿಟ್ಟುಬಿಡುವುದು, ಹೊಕ್ಕುಳ ಸುತ್ತ ಕೆಂಪು ಹರಡುವುದು ಅವರಿಗೆ ಗೊತ್ತು. ತಾಯಿಗೂ ಅಷ್ಟೇ ನೇರವಾದ ಪ್ರಶ್ನೆಗಳು ಬೇಕು: ಪ್ಯಾಡ್ ಎಷ್ಟು ಬದಲಾಯಿಸಿದಿರಿ, ವಾಸನೆ ಇದೆಯೇ, ಚಳಿಜ್ವರ ಬಂತೇ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆಯೇ. ಕೊನೆಯದು ಹೃದಯ ಸೋಲುತ್ತಿರುವುದರ ಗುರುತಾಗಿರಬಹುದು. ಬಾಣಂತಿಗೆ ಸುಸ್ತು ಸಹಜ ಎಂದು ಅದನ್ನು ತಳ್ಳಿಹಾಕಲಾಗದು.

ಬಾಣಂತನದ ಕೋಣೆಯೊಳಗೆ

ಅಜ್ಜಿಯರ ಬಾಣಂತನದಲ್ಲಿ ಒಳ್ಳೆಯದು ಬಹಳ ಇದೆ. ನಲವತ್ತು ದಿನದ ವಿಶ್ರಾಂತಿ, ಬೆಚ್ಚಗಿನ ಕೋಣೆ, ಕಂಡಕಂಡವರು ಮಗುವನ್ನು ಎತ್ತದಂತೆ ತಡೆ, ಅಡುಗೆಗೆ ಬೇರೊಬ್ಬರು. ಬೇರೆ ದೇಶಗಳ ತಾಯಂದಿರು ಇದಕ್ಕೆ ಹಂಬಲಿಸುತ್ತಾರೆ. ಬಿಡಬೇಕಾದದ್ದು ಕೆಲವೇ, ಆದರೆ ಅವನ್ನು ಬಿಡಲೇಬೇಕು.

ನೀರು ಕಡಿಮೆ ಕೊಡುವುದು ಮೊದಲನೆಯದು. ಹೊಟ್ಟೆ ಬರುತ್ತದೆ, ನಂಜಾಗುತ್ತದೆ ಎಂಬ ಭಯಕ್ಕೆ ದಿನಕ್ಕೆ ಎರಡು ಲೋಟ ನೀರಿನಲ್ಲಿಟ್ಟರೆ ಮಲಬದ್ಧತೆ, ಮೂತ್ರದ ಸೋಂಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತವೆ. ಬಾಯಾರಿದಷ್ಟು ಕುಡಿಯಬೇಕು, ಬಿಸಿನೀರೇ ಆಗಲಿ, ಅಡ್ಡಿಯಿಲ್ಲ. ಎರಡನೆಯದು ಪಥ್ಯ. ಪಾಲಿಶ್ ಮಾಡಿದ ಅಕ್ಕಿಯ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ ಇಷ್ಟರಲ್ಲೇ ತಿಂಗಳುಗಟ್ಟಲೆ ಇಟ್ಟರೆ ಥಯಮಿನ್ ಎಂಬ ಬಿ1 ವಿಟಮಿನ್ ತಾಯಿಯ ಹಾಲಿನಲ್ಲೇ ತೀರಾ ಕಡಿಮೆಯಾಗಬಹುದು. ಬರೀ ಎದೆಹಾಲು ಕುಡಿಯುವ, ಮೊನ್ನೆಯವರೆಗೆ ಚೆನ್ನಾಗಿದ್ದ ಕೆಲವು ತಿಂಗಳ ಮಗು ಇದ್ದಕ್ಕಿದ್ದಂತೆ ಏದುಸಿರು ಬಿಡುತ್ತ, ದನಿ ಒಡೆದು, ಶ್ವಾಸಕೋಶದ ರಕ್ತದೊತ್ತಡ ಏರಿ ಸಾವಿನ ಹತ್ತಿರ ಬಂದ ಪ್ರಕರಣಗಳನ್ನು ಬೆಂಗಳೂರಿನ ಮಕ್ಕಳ ಹೃದ್ರೋಗ ತಜ್ಞರು ದಾಖಲಿಸಿದ್ದಾರೆ. ಥಯಮಿನ್ ಕೊಟ್ಟಾಗ ಆ ಮಕ್ಕಳು ಬೇಗ ಚೇತರಿಸಿಕೊಂಡವು. ಹೆಸರುಕಾಳು, ತೊಗರಿಬೇಳೆ, ಕಡಲೆಕಾಯಿ, ರಾಗಿ, ತೌಡು ಪೂರ್ತಿ ತೆಗೆಯದ ಅಕ್ಕಿ, ಸೊಪ್ಪು, ತಿನ್ನುವವರಿಗೆ ಮೊಟ್ಟೆ ಮಾಂಸ ಯಾವುದೂ ನಂಜಲ್ಲ. ಹಾಲೂಡುವ ತಾಯಿಗೆ ದಿನಕ್ಕೆ 600 ಕಿಲೋ ಕ್ಯಾಲೊರಿ ಹೆಚ್ಚು ಬೇಕು, ಅಂದರೆ ಇನ್ನೊಂದು ಹೊತ್ತಿನ ಪೂರ್ತಿ ಊಟ. ಮಾತೃಪೂರ್ಣ ಯೋಜನೆ ಬಿಸಿಯೂಟ ಕೊಡುವುದು ಅಂಗನವಾಡಿಯಲ್ಲಿ, ಹೊಸಿಲು ದಾಟದ ಬಾಣಂತಿಗೆ ಅದು ತಲುಪಬೇಕಾದರೆ ಊಟವೇ ಅವಳ ಮನೆಗೆ ಬರಬೇಕು. ಕಬ್ಬಿಣಾಂಶದ ಮಾತ್ರೆ 180 ದಿನ, ಕ್ಯಾಲ್ಸಿಯಂ 180 ದಿನ. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಸರಿಯಾಗಿ ಹೀರಿಕೆಯಾಗುವುದಿಲ್ಲ.

ಮಗುವಿನ ಮೂಗು ಕಿವಿಗೆ ಎಣ್ಣೆ ಬಿಡುವುದು ನಿಲ್ಲಬೇಕು. ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಮಾಡುತ್ತದೆ. ಹೊಕ್ಕುಳಿಗೆ ಅರಿಸಿನ, ವಿಭೂತಿ, ಹರಳೆಣ್ಣೆ ಯಾವುದೂ ಬೇಡ, ಒಣಗಿದ್ದರೆ ತಾನೇ ಉದುರುತ್ತದೆ. ಜೇನು, ಬಜೆ, ಸಕ್ಕರೆ ನೀರು ಬೇಡ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗಿದರೆ ಹೊಗೆ ಕಾಣದಿದ್ದರೂ ಕಾರ್ಬನ್ ಮೊನಾಕ್ಸೈಡ್ ತಾಯಿ ಮಗು ಇಬ್ಬರನ್ನೂ ಕೊಲ್ಲಬಲ್ಲದು. ಸಾಂಬ್ರಾಣಿ ಬೇಕೇ ಬೇಕೆಂದರೆ ಮಗು ಕೋಣೆಯಲ್ಲಿ ಇಲ್ಲದಾಗ ಹಾಕಿ, ಕಿಟಕಿ ತೆರೆದು, ಆಮೇಲೆ ಒಳಗೆ ತರಬಹುದು. ಇದನ್ನೆಲ್ಲ ಬಾಣಂತಿಗೆ ಹೇಳಿ ಪ್ರಯೋಜನವಿಲ್ಲ, ಆ ಕೋಣೆಯಲ್ಲಿ ನಡೆಯುವುದು ಅವಳ ಮಾತಲ್ಲ. ಬಿಡುಗಡೆಯ ದಿನ ಅವಳ ತಾಯಿಯನ್ನೋ ಅಜ್ಜಿಯನ್ನೋ ಕೂರಿಸಿಕೊಂಡು, ಅವರು ಮಾಡುವುದರಲ್ಲಿ ಸರಿಯಾದದ್ದನ್ನು ಮೊದಲು ಒಪ್ಪಿ, ಆಮೇಲೆ ಇವಿಷ್ಟನ್ನು ಬಿಡಿ ಅಮ್ಮಾ ಎಂದು ಕೇಳಿಕೊಂಡರೆ ಕೆಲಸವಾಗುತ್ತದೆ.

ಮನಸ್ಸಿನ ವಿಷಯ ಇನ್ನೂ ಹಿಂದೆ ಬಿದ್ದಿದೆ. ಮೂರು ನಾಲ್ಕನೆಯ ದಿನ ಸುಮ್ಮಸುಮ್ಮನೆ ಅಳು ಬರುವುದು ಎಷ್ಟೋ ಜನರಿಗೆ ಆಗುತ್ತದೆ, ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಹೋಗದೆ ಉಳಿದರೆ, ಮಗು ಬೇಡವೆನಿಸಿದರೆ, ಸಾಯುವ ಯೋಚನೆ ಬಂದರೆ ಅದು ಖಿನ್ನತೆ, ಅದಕ್ಕೆ ಚಿಕಿತ್ಸೆ ಇದೆ. ಗುರುತಿಸಲು ಹತ್ತು ಪ್ರಶ್ನೆಗಳ ಎಡಿನ್‌ಬರೋ ಮಾಪಕ ಕನ್ನಡದಲ್ಲೂ ಬಳಕೆಯಲ್ಲಿದೆ. ಮೊದಲ ಎರಡು ವಾರದಲ್ಲಿ ರಾತ್ರಿಗಟ್ಟಲೆ ನಿದ್ದೆಯಿಲ್ಲದೆ, ಗೊಂದಲದ ಮಾತು, ಇಲ್ಲದ್ದು ಕಾಣುವುದು ಕೇಳುವುದು ಶುರುವಾದರೆ ಮನೆಯವರು ಬಾಣಂತಿ ಸನ್ನಿ ಎಂದು ದೇವಸ್ಥಾನಕ್ಕೋ ಮಂತ್ರಕ್ಕೋ ಕರೆದೊಯ್ಯುತ್ತಾರೆ. ನಂಜಿನ ಜ್ವರದಲ್ಲೂ, ಬಿಪಿ ಮಿದುಳಿಗೇರಿದಾಗಲೂ ಹೀಗೇ ಕಾಣಬಹುದು. ಹಾಗಾಗಿ ಅವತ್ತೇ ಜ್ವರ, ಬಿಪಿ ನೋಡುವ ಆಸ್ಪತ್ರೆ ಮೊದಲು, ಅವೆರಡೂ ಸರಿಯಿದ್ದರೆ ಮನೋವೈದ್ಯರು. ಅವಳನ್ನೂ ಮಗುವನ್ನೂ ಒಬ್ಬಂಟಿಯಾಗಿ ಬಿಡಬಾರದು, ಹಾಗೆಂದು ಮಗುವಿನಿಂದ ದೂರ ಮಾಡಬೇಕಾಗಿಯೂ ಇಲ್ಲ. ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ದಾಖಲಿಸಿಕೊಂಡು ನೋಡುವ ಘಟಕ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಬೀದರಿನ, ಚಾಮರಾಜನಗರದ ಬಾಣಂತಿಗೆ ಅದು ದೂರ. ಪ್ರತಿ ಜಿಲ್ಲಾಸ್ಪತ್ರೆಯ ಬಾಣಂತಿಯರ ವಾರ್ಡಿನಲ್ಲಿ ಇಂಥ ಎರಡು ಹಾಸಿಗೆಗಳನ್ನು ಮೀಸಲಿಡುವುದು, ಮನೋರೋಗ ವಿಭಾಗದ ವೈದ್ಯರು ಅಲ್ಲಿಗೇ ಬಂದು ನೋಡುವುದು ಇವತ್ತಿನ ಕಟ್ಟಡದಲ್ಲಿ, ಇವತ್ತಿನ ಸಿಬ್ಬಂದಿಯಲ್ಲಿ ಆಗುವ ಕೆಲಸ.